ಸಿಂಗಪುರದಲ್ಲಿ ಎಂಟು ವರ್ಷದ ಸಂಸಾರ

ಪರದೇಶದಲ್ಲಿದ್ದು ಬಂದವರನ್ನು ಕಂಡರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ "ಏನೇನು ತಂದಿರಿ?" ಎಂದು. ಎರಡನೆಯದು "ಏನೇನು ನೋಡಿದಿರಿ?" ಎಂದು. "ಅಷ್ಟು ವರ್ಷ ಹೊತ್ತು ಹೇಗೆ ಕಳೆದಿರಿ?" ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಿಜವಾಗಿ ಹೇಳಬೇಕಾದದ್ದು ಅದನ್ನೇ ಅಲ್ಲವೇ? ಗಂಡಸರಿಗೆ ಆಫೀಸು ಇರುತ್ತದೆ, ಮಕ್ಕಳಿಗೆ ಸ್ಕೂಲು ಇರುತ್ತದೆ. ಗೃಹಿಣಿಗೆ ಏನಿದೆ? ಬೆಳಿಗ್ಗೆ ಎಂಟು ಗಂಟೆಗೆ ಎಲ್ಲರೂ ಹೊರಟುಹೋದ ಮೇಲೆ ಗುರುತಿಲ್ಲದ ಊರು, ಅರ್ಥವಾಗದ ಮಾತು, ಮುಚ್ಚಿದ ಬಾಗಿಲು. ಅಲ್ಲಿ ತನ್ನ ಜಾಗವನ್ನು ಅವಳು ತಾನೇ ಸಂಪಾದಿಸಿಕೊಳ್ಳಬೇಕು.

ನಮ್ಮವರು ಹಡಗು ದುರಸ್ತಿಯ ಇಂಜಿನಿಯರ್. ಅವರಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿ, 2015ರಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಶಿವಮೊಗ್ಗದಿಂದ ಹೊರಟೆವು. ಮರಳಿ ಬಂದದ್ದು 2023ರಲ್ಲಿ. ನಾನು ಹೈಸ್ಕೂಲು ಓದಿದವಳು. ಇಂಗ್ಲಿಷು ಓದಲು ಬರುತ್ತಿತ್ತು, ಆಡಲು ನಾಲಿಗೆ ಏಳುತ್ತಿರಲಿಲ್ಲ. ಅಲ್ಲಿಗೆ ಹೋದ ಮೇಲೆ ಸರ್ಕಾರದವರು ನನಗೆ ಒಂದು ಕಾರ್ಡು ಕೊಟ್ಟರು. ಅದರ ಹೆಸರು 'ಡಿಪೆಂಡೆಂಟ್ ಪಾಸ್'. ಮಗಳು ನಿಘಂಟು ನೋಡಿ, "ಅಮ್ಮಾ, ಅವಲಂಬಿತೆ ಅಂತ ಅರ್ಥ" ಎಂದಳು. ನಾಲ್ಕು ಗಂಟೆಗೆ ಎದ್ದು ಮನೆ ಮಂದಿಗೆಲ್ಲ ಮಾಡಿ ಹಾಕುವವಳು ಅವಲಂಬಿತೆ ಹೇಗಾಗುತ್ತಾಳೆ ಎಂದು ಆ ದಿನ ನಗು ಬಂತು. ಆದರೆ ಆ ಮಾತು ಎಂಟು ವರ್ಷವೂ ಮನಸ್ಸಿನಲ್ಲಿ ಕೂತೇ ಇತ್ತು.

ಎತ್ತರದ ಮನೆ, ಬಿದಿರಿನ ಗಳು

ಸಿಂಗಪುರ ತೀರಾ ಚಿಕ್ಕ ದೇಶ. ಇಡೀ ದೇಶದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರು, ನಮ್ಮ ಒಂದು ತಾಲ್ಲೂಕಿನಷ್ಟು. ಅಷ್ಟರಲ್ಲೇ ಅರವತ್ತು ಲಕ್ಷ ಜನ. ಜಾಗ ಎಲ್ಲಿಂದ ಬರಬೇಕು? ಮನೆಗಳೆಲ್ಲ ಮೇಲಕ್ಕೆ ಬೆಳೆದಿವೆ. 1960ರಲ್ಲಿ ಶುರುವಾದ ಸರ್ಕಾರದ ಗೃಹಮಂಡಳಿ ಕಟ್ಟಿಸಿದ ಮನೆಗಳಲ್ಲೇ ಅಲ್ಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಗರಿಕರು ವಾಸವಾಗಿದ್ದಾರೆ. ನಾವು ಬಾಡಿಗೆಗೆ ಹಿಡಿದದ್ದೂ ಅಂಥದೇ ಒಂದು ಮನೆ, ಹನ್ನೊಂದನೆಯ ಮಹಡಿಯಲ್ಲಿ.

ಭೂಮಧ್ಯರೇಖೆಗೆ ಬಹಳ ಹತ್ತಿರವಾದ್ದರಿಂದ ಅಲ್ಲಿ ಚಳಿಗಾಲ, ಬೇಸಿಗೆ ಎಂಬ ಭೇದವೇ ಇಲ್ಲ. ವರ್ಷವಿಡೀ ಸೆಕೆ, ವರ್ಷವಿಡೀ ಮಳೆ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳರ ಹೊತ್ತಿಗೆ, ಮುಳುಗುವುದೂ ಸಂಜೆ ಏಳರ ಹೊತ್ತಿಗೆ. ಹಾಗಾಗಿ ಮಕ್ಕಳು ಸ್ಕೂಲಿಗೆ ಹೊರಡುವಾಗ ಇನ್ನೂ ಕತ್ತಲು. ಹೊಸಿಲಿಗೆ ರಂಗೋಲಿ ಎಳೆಯುವುದೂ ಲೈಟು ಹಾಕಿಕೊಂಡೇ.

ಬಟ್ಟೆ ಒಣಗಿಸುವುದನ್ನು ನೋಡಿದರೆ ನಿಮಗೆ ತಮಾಷೆಯೆನಿಸಬಹುದು. ಹಳೆಯ ಕಟ್ಟಡಗಳಲ್ಲಿ ಅಡಿಗೆಮನೆ ಕಿಟಕಿಯ ಹೊರಗೆ ಕೊಳವೆಗಳಿರುತ್ತವೆ. ಉದ್ದನೆಯ ಬಿದಿರಿನ ಗಳುವಿಗೆ ಬಟ್ಟೆ ಪೋಣಿಸಿ, ಕ್ಲಿಪ್ಪು ಹಾಕಿ, ಬಾವುಟದ ಹಾಗೆ ಹೊರಕ್ಕೆ ಚಾಚಿ ಆ ಕೊಳವೆಗೆ ಸಿಗಿಸಬೇಕು. ಒದ್ದೆ ಸೀರೆ ಹಾಕಿದ ಗಳು ಎಷ್ಟು ಭಾರ ಅಂತೀರಿ! ರಟ್ಟೆಗೆ ಅದೊಂದು ವ್ಯಾಯಾಮವೇ ಸರಿ.

ಕಟ್ಟಡದ ನೆಲಮಟ್ಟದಲ್ಲಿ ಮನೆಗಳಿರುವುದಿಲ್ಲ, ಬರೀ ಕಂಬಗಳ ನಡುವೆ ತೆರೆದ ಜಗಲಿ. ಒಂದು ವಾರ ಅಲ್ಲಿ ಮಲಯರ ಮದುವೆ ಊಟ, ಇನ್ನೊಂದು ವಾರ ಚೀನೀಯರ ಸಾವಿನ ಜಾಗರಣೆ. ಎರಡಕ್ಕೂ ಅದೇ ಜಗಲಿ. ನಮ್ಮ ಊರಿನ ಅರಳಿಕಟ್ಟೆ ನೆನಪಾಗುತ್ತಿತ್ತು. ಶಿಸ್ತಿಗೇನೂ ಕಡಿಮೆಯಿಲ್ಲ. ಡೆಂಗ್ಯೂ ಜ್ವರದ ಭಯದಿಂದ ಮನೆಮನೆಗೆ ಬಂದು ತಪಾಸಣೆ ಮಾಡುತ್ತಾರೆ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆಮರಿ ಕಂಡರೆ ದಂಡ! ನನ್ನ ತುಳಸಿ ಕುಂಡದ ತಟ್ಟೆಯನ್ನು ದಿನವೂ ಒರೆಸಿ ಇಡುತ್ತಿದ್ದೆ.

ಎಮ್ಮೆ ಕೊಟ್ಟಿಗೆಯ ಸಂತೆ

ನನಗೆ ಆ ಊರು ಮೊದಲು ಪರಿಚಯವಾದದ್ದು ಟೆಕ್ಕಾ ಮಾರ್ಕೆಟ್ಟಿನಿಂದ. ಭಾರತೀಯರ ಬೀದಿಗಳಿರುವ 'ಲಿಟ್ಲ್ ಇಂಡಿಯಾ'ದಲ್ಲಿ ಅದು ಇದೆ. ಕೆಳಗೆ ತರಕಾರಿ, ಮೀನು, ಊಟದಂಗಡಿ. ಮೇಲೆ ಸೀರೆ, ಬಳೆ, ದರ್ಜಿಗಳು. ಕರಿಬೇವು, ನುಗ್ಗೆಕಾಯಿ, ವೀಳ್ಯದೆಲೆ, ಮಲ್ಲಿಗೆ ಮೊಗ್ಗು, ತೆಂಗಿನಕಾಯಿ - ಏನು ಬೇಕು ಹೇಳಿ, ಎಲ್ಲ ಉಂಟು. ತರಕಾರಿಯವರು ತಮಿಳು ಆಡುತ್ತಾರೆ. ಅವರ ತಮಿಳು, ನನ್ನ ಕನ್ನಡ, ಹೇಗೋ ವ್ಯಾಪಾರ ನಡೆದುಹೋಗುತ್ತಿತ್ತು.

ಮಾರ್ಕೆಟ್ಟಿನ ಪಕ್ಕದ ರಸ್ತೆಯ ಹೆಸರು 'ಬಫೆಲೋ ರೋಡ್', ಅಂದರೆ ಎಮ್ಮೆ ರಸ್ತೆ. ಹಿಂದೆ ಆ ಜಾಗದಲ್ಲಿ ದನಕರುಗಳ ಕೊಟ್ಟಿಗೆಗಳಿದ್ದವು. ಹಾಲು, ದನದ ವ್ಯಾಪಾರದಲ್ಲಿ ಭಾರತದಿಂದ ಹೋದವರೇ ಹೆಚ್ಚು. ಮಲಯ ಭಾಷೆಯಲ್ಲಿ ಆ ಪ್ರದೇಶಕ್ಕೆ 'ಕಾಂದಾಂಗ್ ಕೆರ್ಬಾವ್', ಎಮ್ಮೆ ಕೊಟ್ಟಿಗೆ ಎಂದೇ ಹೆಸರು. ಹತ್ತಿರದಲ್ಲಿ ಪ್ರಸಿದ್ಧವಾದ ಹೆರಿಗೆ ಆಸ್ಪತ್ರೆಯೊಂದಿದೆ. ಅದಕ್ಕೂ ಅದೇ ಹೆಸರು ನಿಂತು, ಈಗ 'ಕೆ.ಕೆ. ಆಸ್ಪತ್ರೆ' ಎನ್ನುತ್ತಾರೆ. 1966ರಲ್ಲಿ ಒಂದೇ ವರ್ಷದಲ್ಲಿ ಅಲ್ಲಿ ಹುಟ್ಟಿದ ಮಕ್ಕಳು 39 ಸಾವಿರಕ್ಕೂ ಹೆಚ್ಚು, ಆಗ ಅದು ಲೋಕದಾಖಲೆ. ದಿನಕ್ಕೆ ನೂರಕ್ಕಿಂತ ಮೇಲಾಯಿತು ನೋಡಿ. ಆ ದಾದಿಯರ ಕೈಗೆ ಪುರುಸೊತ್ತು ಸಿಕ್ಕಿತ್ತೋ ಇಲ್ಲವೋ!

ಮಾತಿನ ನೆಂಟಸ್ತಿಕೆ

ಸಿಂಗಪುರಕ್ಕೆ ನಾಲ್ಕು ಅಧಿಕೃತ ಭಾಷೆಗಳು: ಮಲಯ, ಚೀನೀ, ತಮಿಳು, ಇಂಗ್ಲಿಷು. ಇವುಗಳಲ್ಲಿ ಮಲಯ ರಾಷ್ಟ್ರಭಾಷೆ. ಲಿಫ್ಟಿನಲ್ಲಿ ಸಿಗುವ ಮಲಯ ಹೆಂಗಸರಿಂದ ನಾನು ಒಂದೊಂದೇ ಮಾತು ಕಲಿತೆ. ಕಲಿಯುತ್ತ ಹೋದ ಹಾಗೆ ಇದೇನು ನಮ್ಮ ಭಾಷೆಯೇ ವೇಷ ಹಾಕಿಕೊಂಡು ಬಂದಿದೆಯಲ್ಲ ಎನಿಸಿತು. ಗಂಡನಿಗೆ ಅವರು 'ಸುಆಮಿ' ಎನ್ನುತ್ತಾರೆ, ಅಂದರೆ ನಮ್ಮ ಸ್ವಾಮಿ. ಹೆಂಡತಿ 'ಇಸ್ತೆರಿ', ನಮ್ಮ ಸ್ತ್ರೀ. ಮೇಷ್ಟ್ರು 'ಗುರು', ಭಾಷೆ 'ಬಹಾಸ', ಮನುಷ್ಯ 'ಮಾನುಸಿಯಾ', ಪಾಪ 'ದೋಸಾ'. ರಂಜಾನ್ ಉಪವಾಸಕ್ಕೆ ಅವರು 'ಪುಆಸಾ' ಎನ್ನುವುದು ನಮ್ಮ ಉಪವಾಸದಿಂದಲೇ ಬಂದದ್ದು. ದೇಶದ ಹೆಸರೂ ಸಂಸ್ಕೃತದ್ದೇ, ಸಿಂಹಪುರ. ನೂರಾರು ವರ್ಷ ಹಿಂದೆ ಹಡಗಿನಲ್ಲಿ ಹೋದ ವ್ಯಾಪಾರಿಗಳು, ಪುರೋಹಿತರು ಬಿಟ್ಟುಬಂದ ಮಾತುಗಳು ಇನ್ನೂ ಅಲ್ಲಿ ಮನೆ ಮಾಡಿಕೊಂಡಿವೆ.

ನನಗೆ ಎಲ್ಲಕ್ಕಿಂತ ಹಿತವಾದದ್ದು ಅವರ ಯೋಗಕ್ಷೇಮದ ಮಾತು. ಎದುರಿಗೆ ಸಿಕ್ಕರೆ "ಸುದಾ ಮಾಕಾನ್?" ಎಂದು ಕೇಳುತ್ತಾರೆ. ಊಟ ಆಯ್ತಾ ಎಂದು ಅರ್ಥ. ಚೀನೀ ಅಜ್ಜಿಯರೂ ತಮ್ಮ ಭಾಷೆಯಲ್ಲಿ ಕೇಳುವುದು ಅದನ್ನೇ. ಊಟ ಆಯ್ತಾ ಎಂದು ಕೇಳುವವರು ನಾಲ್ಕು ಜನ ಇದ್ದರೆ ಅದು ಪರದೇಶ ಹೇಗಾದೀತು?

ಊಟದಂಗಡಿಗಳೂ ನಮ್ಮ ಸಸ್ಯಾಹಾರವೂ

ಅಲ್ಲಿ ಬಡಾವಣೆಗೊಂದರಂತೆ 'ಹಾಕರ್ ಸೆಂಟರ್' ಇರುತ್ತದೆ. ಒಂದೇ ಸೂರಿನಡಿ ಐವತ್ತು ಅರವತ್ತು ಚಿಕ್ಕ ಊಟದಂಗಡಿಗಳು, ನಡುವೆ ಮೇಜುಗಳು. ಹಿಂದೆ ಬೀದಿಯಲ್ಲಿ ಗಾಡಿ ಇಟ್ಟುಕೊಂಡು ಮಾರುತ್ತಿದ್ದವರಿಗೆ ನಲ್ಲಿ, ನೆರಳು ಮಾಡಿಕೊಟ್ಟು ಸರ್ಕಾರ ಕೂರಿಸಿದ ಏರ್ಪಾಡು ಅದು. 2020ರಲ್ಲಿ ಯುನೆಸ್ಕೋದವರು ಈ ಊಟದ ಸಂಸ್ಕೃತಿಯನ್ನೇ ಪರಂಪರೆಯ ಪಟ್ಟಿಗೆ ಸೇರಿಸಿದರು. ಮೇಜು ಹಿಡಿಯಲು ಅಲ್ಲಿನವರು ಕಾಗದದ ಕರವಸ್ತ್ರದ ಪುಟ್ಟ ಪೊಟ್ಟಣವನ್ನು ಮೇಲೆ ಇಟ್ಟುಹೋಗುತ್ತಾರೆ. ನಮ್ಮಲ್ಲಿ ಬಸ್ಸಿನ ಸೀಟಿಗೆ ಟವೆಲು ಹಾಕುತ್ತೇವಲ್ಲ, ಹಾಗೆ!

ಸಸ್ಯಾಹಾರಿಗಳಿಗೆ ಕಷ್ಟ ಎಂದು ಹೊರಡುವಾಗ ಎಲ್ಲರೂ ಹೆದರಿಸಿದ್ದರು. ಎಚ್ಚರಿಕೆ ಬೇಕು ನಿಜ. ಬರೀ ಸೊಪ್ಪಿನ ಪಲ್ಯ ಎಂದು ಕಂಡರೂ ಒಣಸೀಗಡಿ ಅರೆದು ಹಾಕಿರುತ್ತಾರೆ. ಆದರೆ ಚೀನೀಯರಲ್ಲಿ ಬೌದ್ಧರಾದ ಅನೇಕರು ಚಾಂದ್ರಮಾನದ ಒಂದನೆಯ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ. ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕವೇ. ಅವರ ಸಸ್ಯಾಹಾರದ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮತ್ತೆಯವರು ಮೂರು ತಿಂಗಳು ಬಂದಿದ್ದಾಗ ಈ ಸುದ್ದಿ ಕೇಳಿ, "ಹಾಗಾದ್ರೆ ಅವರದ್ದೂ ಮಡಿ ಅಡಿಗೇನೇ ಅನ್ನು" ಎಂದು ಒಪ್ಪಿಗೆ ಕೊಟ್ಟರು.

ನನಗೆ ಬಹಳ ಮೆಚ್ಚಿಗೆಯಾದದ್ದು ಚೆಂಪೆದಾಕ್ ಹಣ್ಣಿನ ಬಜ್ಜಿ. ಅದು ನಮ್ಮ ಹಲಸಿನ ತಂಗಿ. ತೊಳೆ ಮೆತ್ತಗೆ, ಬಿಳುವನಂತೆ. ಹಿಟ್ಟಿನಲ್ಲಿ ಅದ್ದಿ ಕರಿದರೆ ಬೀಜವೂ ಬೆಂದು ತಿನ್ನುವಂತಾಗುತ್ತದೆ. ಪಾಂಡನ್ ಎಲೆಯೂ ಅಷ್ಟೇ ಇಷ್ಟ. ನಮ್ಮ ಕೇದಗೆಯ ಬಳಗದ ಗಿಡ. ಅನ್ನ ಮಾಡುವಾಗ ಒಂದು ಎಲೆ ಗಂಟು ಹಾಕಿ ಬಿಟ್ಟರೆ ಮನೆಯೆಲ್ಲ ಘಮಘಮ. ದೂರಿಯನ್ ಹಣ್ಣಿನ ವಾಸನೆ ಮಾತ್ರ ಎಂಟು ವರ್ಷವಾದರೂ ನನಗೆ ಒಗ್ಗಲಿಲ್ಲ. ಅದನ್ನು ರೈಲಿನಲ್ಲಿ ಒಯ್ಯಬಾರದೆಂದು ಅಲ್ಲಿ ನಿಯಮವೇ ಇದೆ ಎಂದರೆ ನೀವೇ ಊಹಿಸಿಕೊಳ್ಳಿ.

ಕಂಡು ಮೆಚ್ಚಿದ ಜಾಗಗಳು

ದೊಡ್ಡ ಅಂಗಡಿಗಳ ಬೆಡಗು ಎರಡು ದಿನ ಚೆನ್ನ. ಖರ್ಚಿಲ್ಲದೆ ಮನಸ್ಸಿಗೆ ತಂಪು ಕೊಡುತ್ತಿದ್ದದ್ದು ಸಸ್ಯೋದ್ಯಾನ. 1859ರಲ್ಲಿ ಶುರುವಾದ ತೋಟ ಅದು. 2015ರಲ್ಲಿ, ನಾವು ಹೋದ ವರ್ಷವೇ, ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಹೋಗಲು ಟಿಕೆಟ್ಟಿಲ್ಲ, ಆರ್ಕಿಡ್ ತೋಟಕ್ಕೆ ಮಾತ್ರ ಉಂಟು. ಸಿಂಗಪುರದ ರಾಷ್ಟ್ರಪುಷ್ಪ ಒಂದು ಆರ್ಕಿಡ್. ಅದಕ್ಕೆ ಒಬ್ಬ ಹೆಣ್ಣುಮಗಳ ಹೆಸರಿದೆ. ಆಗ್ನೆಸ್ ಜೋಕಿಮ್ ಎಂಬ ಆರ್ಮೇನಿಯನ್ ಮಹಿಳೆಯ ಮನೆಯ ತೋಟದಿಂದ 1893ರಲ್ಲಿ ಬೆಳಕಿಗೆ ಬಂದ ಹೂವು ಅದು, 1981ರಲ್ಲಿ ರಾಷ್ಟ್ರಪುಷ್ಪವಾಯಿತು. ಮನೆಯ ಹಿತ್ತಲಲ್ಲಿ ಕೈಯಾಡಿಸಿದ ಒಬ್ಬ ಹೆಂಗಸಿನ ಹೆಸರು ಒಂದು ದೇಶದ ಹೂವಿಗೆ ನಿಂತಿದೆ ಎಂದರೆ ನಮಗೆಲ್ಲ ಹೆಮ್ಮೆಯ ಸಂಗತಿಯಲ್ಲವೇ?

ಶುಕ್ರವಾರ ಮಾರಿಯಮ್ಮನ ಗುಡಿಗೆ ಹೋಗುತ್ತಿದ್ದೆ. 1827ರಲ್ಲಿ ಸ್ಥಾಪನೆಯಾದ ಇದು ಅಲ್ಲಿನ ಅತ್ಯಂತ ಹಳೆಯ ಹಿಂದೂ ದೇವಸ್ಥಾನ. ಈಗ ಚೀನೀಯರ ಕೇರಿಯ ನಡುವೆ ಇದೆ, ಅದೇ ಬೀದಿಯಲ್ಲಿ ಒಂದು ಮಸೀದಿಯೂ ಇದೆ.

ಪಕ್ಕದ ಮಲೇಷ್ಯಾಕ್ಕೆ ಸಮುದ್ರದ ಮೇಲೆ ಒಂದು ಕಿಲೋಮೀಟರಿನಷ್ಟು ಉದ್ದದ ಸೇತು ದಾಟಿದರಾಯಿತು. ಅಲ್ಲಿಂದ ಬಸ್ಸಿನಲ್ಲಿ ಮಲಕ್ಕಾ ಪಟ್ಟಣಕ್ಕೆ ಹೋಗಿಬಂದದ್ದು ಮರೆಯಲಾರೆ. ಅಲ್ಲಿ 'ಚಿಟ್ಟಿ' ಎಂಬ ಜನಾಂಗವಿದೆ. ನೂರಾರು ವರ್ಷ ಹಿಂದೆ ತಮಿಳುನಾಡಿನ ಕಡೆಯಿಂದ ವ್ಯಾಪಾರಕ್ಕೆ ಹೋಗಿ, ಅಲ್ಲಿಯ ಹೆಣ್ಣುಗಳನ್ನೇ ಮದುವೆಯಾಗಿ ನಿಂತವರ ಸಂತತಿ. ಅವರ ಮನೆಮಾತು ಮಲಯ. ಹಬ್ಬದಲ್ಲಿ ಹೆಂಗಸರು ಉಡುವುದು ಮಲಯರಂತೆ ಸಾರೊಂಗು, ಕೆಬಾಯಾ ರವಿಕೆ. ಕೈಮುಗಿಯುವುದು ಮಾತ್ರ ವಿನಾಯಕನಿಗೆ, ಮಾರಿಯಮ್ಮನಿಗೆ. 1781ರಲ್ಲಿ ಕಟ್ಟಿಸಿದ ಅವರ ವಿನಾಯಕನ ಗುಡಿ ಇನ್ನೂ ನಡೆಯುತ್ತಿದೆ. ಮಾತು ಹೋದರೂ ಮನೆಯ ದೇವರನ್ನು, ಹಬ್ಬದ ಅಡಿಗೆಯನ್ನು ಹೆಣ್ಣುಮಕ್ಕಳು ಕಾಪಾಡಿಕೊಂಡು ಬಂದಿದ್ದಾರೆ.

2018ರಲ್ಲಿ ಬಾಲಿ ದ್ವೀಪಕ್ಕೆ ಹೋದೆವು, ವಿಮಾನದಲ್ಲಿ ಎರಡೂವರೆ ಗಂಟೆ ಚಿಲ್ಲರೆ. ಅಲ್ಲಿ ಬೆಳಗಾದರೆ ಹೆಂಗಸರು ತೆಂಗಿನ ಗರಿಯ ಪುಟ್ಟ ತಟ್ಟೆ ಹೆಣೆದು, ಹೂವು, ಊದುಬತ್ತಿ ಇಟ್ಟು ಮನೆಬಾಗಿಲಿಗೆ, ಅಂಗಡಿ ಮುಂದೆ, ದಾರಿಯಂಚಿಗೆ ಇಡುತ್ತಾರೆ. ಅವರೂ ನಮ್ಮ ಹಾಗೆ ಶಕವರ್ಷ ಎಣಿಸುವವರು. ಅವರ ಹೊಸವರ್ಷದ ಹೆಸರು 'ನ್ಯೆಪಿ'. ಆ ದಿನ ದೀಪ ಹಚ್ಚದೆ, ಒಲೆ ಹೊತ್ತಿಸದೆ, ಮನೆಯಿಂದ ಹೊರಗೆ ಬಾರದೆ ಮೌನವಾಗಿರುತ್ತಾರೆ. ವಿಮಾನ ನಿಲ್ದಾಣವೂ ಮುಚ್ಚುತ್ತದೆ. 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 22ರಂದೇ ಬಂದವು, ಇಬ್ಬರಿಗೂ ಶಕ 1945. ಹೊಸವರ್ಷದ ದಿನ ಗೃಹಿಣಿಗೂ ಒಲೆಯಿಂದ ರಜ! ಈ ಪದ್ಧತಿ ನಮ್ಮಲ್ಲೂ ಬಂದರೆ ಒಳ್ಳೆಯದು ಎಂದು ನಮ್ಮವರಿಗೆ ಹೇಳಿದ್ದೇನೆ.

ಪಕ್ಕದ ಮನೆಯ ತಂಗಿ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾದೀತು. ಸಿಂಗಪುರದಲ್ಲಿ ಮನೆಗೆಲಸಕ್ಕೆಂದು ಹೊರದೇಶಗಳಿಂದ ಬಂದ ಹೆಂಗಸರ ಸಂಖ್ಯೆ 2023ರ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಇಂಡೋನೇಷ್ಯಾ, ಫಿಲಿಪೈನ್ಸ್, ಬರ್ಮಾದವರು ಬಹಳ, ನಮ್ಮ ದೇಶದವರೂ ಇದ್ದಾರೆ. ಕೆಲಸ ಮಾಡುವ ಮನೆಯಲ್ಲೇ ವಾಸ. ವಾರಕ್ಕೊಂದು ರಜ ಕೊಡಬೇಕೆಂಬ ನಿಯಮ ಬಂದದ್ದೇ 2013ರಲ್ಲಿ. ಅದರಲ್ಲೂ ರಜದ ಬದಲು ಹಣ ಕೊಡಲು ಅವಕಾಶವಿತ್ತು. ತಿಂಗಳಿಗೆ ಒಂದು ದಿನವಾದರೂ ಹಣಕ್ಕೆ ಬದಲಾಯಿಸದೆ ರಜ ಕೊಡಲೇಬೇಕೆಂದು 2023ರ ಜನವರಿಯಿಂದ ಮಾಡಿದರು. ಭಾನುವಾರ ಈ ಹೆಂಗಸರು ಪಾರ್ಕುಗಳಲ್ಲಿ, ಅಂಗಡಿಗಳ ಮುಂದೆ ಚಾಪೆ ಹಾಸಿ ಕೂತು, ಡಬ್ಬಿ ಬಿಚ್ಚಿ, ಊರಿನ ಮಕ್ಕಳಿಗೆ ಫೋನು ಮಾಡುತ್ತ ನಗುವುದನ್ನು, ಒಂದೊಂದು ಸಲ ಅಳುವುದನ್ನೂ ನೋಡಿದ್ದೇನೆ.

ನಮ್ಮ ಪಕ್ಕದ ಮನೆಯಲ್ಲಿ ಜಾವಾದಿಂದ ಬಂದ ಅಂಥ ಒಬ್ಬಳು ಇದ್ದಳು. ನನ್ನನ್ನು 'ಕಾಕಾಕ್' ಎನ್ನುತ್ತಿದ್ದಳು. ಕಾಗೆ ಅಲ್ಲ, ಅಕ್ಕ ಎಂದು ಅರ್ಥ! ಅವಳ ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ. ಮಗುವಿನ ಸ್ಕೂಲು, ಅಜ್ಜಿಯ ಔಷಧಿ, ಮನೆಗೆ ಹೊಸ ಹೆಂಚು - ಎಲ್ಲ ಇವಳ ಸಂಬಳದಿಂದ. ಗಳುವಿಗೆ ಬಟ್ಟೆ ಹಾಕುತ್ತ ಕಿಟಕಿಯಿಂದ ಕಿಟಕಿಗೆ ನಮ್ಮ ಮಾತು, ನನ್ನ ಮುರುಕು ಮಲಯ, ಅವಳ ಮುರುಕು ಇಂಗ್ಲಿಷು.

2020ರ ಏಪ್ರಿಲ್ 7ರಿಂದ ಕೊರೋನಾ ಕಾರಣ ಸಿಂಗಪುರವೂ ಬಾಗಿಲು ಹಾಕಿತು. ಭಾರತಕ್ಕೆ ಮಾಮೂಲಿ ವಿಮಾನಗಳು ಮಾರ್ಚ್ ಕೊನೆಯಲ್ಲೇ ನಿಂತಿದ್ದವು. ಮೇ ಮೊದಲ ವಾರದಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ತಂದೆ ತೀರಿಕೊಂಡರು. ವಯಸ್ಸಾಗಿತ್ತು, ಹೌದು. ಆದರೆ ಹೋಗಿ ಮುಖ ನೋಡುವ ಹಾಗಿರಲಿಲ್ಲ. ತಮ್ಮ ಫೋನಿನಲ್ಲಿ ತೋರಿಸಿದ, ನೋಡಿದೆ. ಆಮೇಲೆ ಏನು ಮಾಡಬೇಕೋ ತೋಚಲಿಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಮಾಡಿ ತಂದು ಬಡಿಸುತ್ತಾರೆ. ಹನ್ನೊಂದನೆಯ ಮಹಡಿಯಲ್ಲಿ, ಯಾರೂ ಯಾರ ಮನೆಗೂ ಹೋಗಬಾರದ ಕಾಲದಲ್ಲಿ, ಯಾವ ನೆರೆ?

ಸಂಜೆ ಏಳರ ಹೊತ್ತಿಗೆ ಬಾಗಿಲ ಗ್ರಿಲ್ಲಿನ ಸದ್ದಾಯಿತು. ನೋಡಿದರೆ ಒಂದು ಚೀಲದಲ್ಲಿ ಬಿಸಿ ಪಾತ್ರೆ ತೂಗುಹಾಕಿದೆ. ಅವಳು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ತನ್ನ ಬಾಗಿಲಲ್ಲೇ ನಿಂತು, "ಮಾಕಾನ್, ಕಾಕಾಕ್" ಎಂದಳು. ಊಟ ಮಾಡಿ ಅಕ್ಕ. ಆಗ ರಂಜಾನ್ ತಿಂಗಳು. ಬೆಳಗಿನಿಂದ ತೊಟ್ಟು ನೀರೂ ಕುಡಿಯದೆ ಇದ್ದವಳು, ತಾನು ಉಪವಾಸ ಬಿಡಲು ಮಾಡಿದ್ದರಲ್ಲಿ ಅರ್ಧ ತಂದಿದ್ದಳು. ಅದರ ಹೆಸರು 'ಕೋಲಾಕ್', ಕಾಯಿಹಾಲಿನ ಗೆಣಸಿನ ಪಾಯಸ. ನಾನು ನನ್ನ ಬಾಗಿಲಲ್ಲಿ ಕೂತು ಉಂಡೆ, ಅವಳು ತನ್ನ ಬಾಗಿಲಲ್ಲಿ ಕೂತು ಉಂಡಳು. ಅವಳ ತಂದೆ ಹೋದಾಗಲೂ ಅವಳು ಸಿಂಗಪುರದಲ್ಲೇ ಇದ್ದಳಂತೆ. ಅದನ್ನು ಹೇಳಿದ್ದು ಆ ದಿನವೇ.

ಅವಳ ಕಾರ್ಡಿನ ಮೇಲೆ ಕೆಲಸದವಳು ಎಂದಿತ್ತು, ನನ್ನದರ ಮೇಲೆ ಅವಲಂಬಿತೆ ಎಂದಿತ್ತು. ಅವಳನ್ನು ನಂಬಿ ಎರಡು ದೇಶದಲ್ಲಿ ಎರಡು ಮನೆ ನಡೆಯುತ್ತಿದ್ದವು. ಆ ಸಂಜೆ ನನ್ನ ಮನೆ ನಿಂತದ್ದೂ ಅವಳಿಂದಲೇ. ಯಾರು ಯಾರಿಗೆ ಅವಲಂಬಿತರು ಎಂಬುದನ್ನು ಕಾರ್ಡು ಹೇಳಲಾರದು. ಮನೆಯಲ್ಲಿ ಕೆಲಸಕ್ಕೆ ಬರುವವಳನ್ನು ನಾವು ಹೇಗೆ ಮಾತಾಡಿಸುತ್ತೇವೆ, ಅವಳಿಗೂ ಊಟ ಆಯ್ತಾ ಎಂದು ಕೇಳುತ್ತೇವೆಯೋ ಇಲ್ಲವೋ ಎಂದು ಮರಳಿ ಬಂದ ಮೇಲೆ ನಾನು ಹೆಚ್ಚು ಗಮನಿಸುತ್ತೇನೆ.

ಕೋಲಾಕ್ ಮಾಡುವ ವಿಧಾನ

ಬೇಕಾಗುವ ಸಾಮಾನು: ಸಿಹಿಗೆಣಸು ಕಾಲು ಕೆ.ಜಿ., ಗಟ್ಟಿಯಾದ ನೇಂದ್ರ ಬಾಳೆಹಣ್ಣು 2, ತೆಂಗಿನಕಾಯಿ 1, ಪುಡಿಮಾಡಿದ ಬೆಲ್ಲ ಮುಕ್ಕಾಲು ಬಟ್ಟಲು, ಚಿಟಿಕೆ ಉಪ್ಪು, ಪಾಂಡನ್ ಎಲೆ 2 (ಸಿಗದಿದ್ದರೆ ಏಲಕ್ಕಿ 4).

ಕಾಯಿ ತುರಿದು ರುಬ್ಬಿ, ಮೊದಲ ದಪ್ಪ ಹಾಲನ್ನು ಬೇರೆ, ಎರಡನೆಯ ತೆಳು ಹಾಲನ್ನು ಬೇರೆ ತೆಗೆದಿಡಿ. ತೆಳು ಹಾಲು ಮೂರು ಬಟ್ಟಲಷ್ಟು ಇರಲಿ. ಅದಕ್ಕೆ ಸಿಪ್ಪೆ ತೆಗೆದು ಹೆಚ್ಚಿದ ಗೆಣಸು, ಗಂಟು ಹಾಕಿದ ಪಾಂಡನ್ ಎಲೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಗೆಣಸು ಮುಕ್ಕಾಲು ಬೆಂದಾಗ ಬಾಳೆಹಣ್ಣಿನ ಹೋಳು ಸೇರಿಸಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ. ಕಡೆಗೆ ಉಪ್ಪು, ದಪ್ಪ ಹಾಲು ಬೆರೆಸಿ, ಬಿಸಿಯಾದ ಕೂಡಲೇ ಇಳಿಸಿ. ಕುದಿಸಿದರೆ ಹಾಲು ಒಡೆದಂತಾಗುತ್ತದೆ. ಏಲಕ್ಕಿ ಹಾಕುವುದಾದರೆ ಇಳಿಸಿದ ಮೇಲೆ ಪುಡಿ ಮಾಡಿ ಹಾಕಿ. ಅಲ್ಲಿ ತಾಳೆ, ತೆಂಗಿನ ಬೆಲ್ಲ ಹಾಕುತ್ತಾರೆ, ನಮ್ಮ ಕಬ್ಬಿನ ಬೆಲ್ಲದಲ್ಲೂ ರುಚಿಗೇನೂ ಮೋಸವಿಲ್ಲ.

ಹೊರಡುವ ಸೋದರಿಯರಿಗೆ

ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ಮಗಳು ಸೊಸೆ ಯಾರಾದರೂ, ಸಿಂಗಪುರಕ್ಕೆ ಹೊರಡುವವರಿದ್ದರೆ ನಾಲ್ಕು ಮಾತು. ಮದುವೆಯ ಸರ್ಟಿಫಿಕೇಟು, ಮಕ್ಕಳ ಜನನಪತ್ರ ಹೊರಡುವ ಮುಂಚೆಯೇ ಸರಿಮಾಡಿಸಿಕೊಳ್ಳಿ. ಸಾಮಾನು ಕಟ್ಟುವಾಗ ಗಸಗಸೆ ಇಡಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಸೇರುತ್ತದೆ. ಹೊಗೆಸೊಪ್ಪೂ ಬೇಡ. ಗಂಡನ ಜೊತೆ ಹೋಗಿ ಅಲ್ಲೇ ಕೆಲಸ ಹಿಡಿಯುತ್ತೇನೆಂದು ಎಣಿಸಿದ್ದರೆ, 2021ರ ಮೇ ತಿಂಗಳಿಂದ ಅದಕ್ಕೆ ಬೇರೆಯೇ ಕೆಲಸದ ಪಾಸು ಬೇಕಾಗಿದೆ ಎಂಬುದು ಗೊತ್ತಿರಲಿ.

ಹೋದ ಮೊದಲ ವಾರವೇ ಒಬ್ಬರೇ ಬಸ್ಸು ಹತ್ತಿ ಮಾರ್ಕೆಟ್ಟಿಗೆ ಹೋಗಿಬನ್ನಿ. ನಮ್ಮವರು ಭಾನುವಾರ ಕರೆದುಕೊಂಡು ಹೋಗಲಿ ಎಂದು ಕಾಯಬೇಡಿ. ನಿಮ್ಮ ಮಹಡಿಯಲ್ಲಿ ಯಾರು ಯಾರಿದ್ದಾರೆ ತಿಳಿದುಕೊಳ್ಳಿ. ಅವರ ಭಾಷೆಯಲ್ಲಿ ಬೇರೇನೂ ಬಾರದಿದ್ದರೂ "ಊಟ ಆಯ್ತಾ?" ಎಂದು ಕೇಳುವುದನ್ನು ಮಾತ್ರ ಮೊದಲು ಕಲಿತುಬಿಡಿ. ಮಿಕ್ಕ ಮಾತು ತಾನಾಗಿ ಬರುತ್ತದೆ.